ಯುದ್ಧದ ಕಾದಂಬರಿಯ ಜೊತೆಗೆ ಪದಸಂಪತ್ತು ಮತ್ತು ವ್ಯಾಕರಣ: ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರಿಗೆ ಒಂದು ಕೈಪಿಡಿ

ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಕಾದಂಬರಿ ಒಂದು ದಾರಿಯಲ್ಲಿ, ವ್ಯಾಕರಣ ಇನ್ನೊಂದು ದಾರಿಯಲ್ಲಿ, ಪದಪಟ್ಟಿ ಮತ್ತೊಂದು ದಾರಿಯಲ್ಲಿ ಸಾಗುವುದು ಸಾಮಾನ್ಯ. ಒಂದು ದಿನ ಕಥೆ, ಮರುದಿನ ಪ್ಯಾಸಿವ್ ವಾಯ್ಸ್, ವಾರದ ಕೊನೆಗೆ ಇಪ್ಪತ್ತು ಪದಗಳ ಕಿರುಪರೀಕ್ಷೆ. ಈ ಮೂರೂ ಒಂದನ್ನೊಂದು ಮಾತನಾಡಿಸದೆಯೇ ವರ್ಷ ಮುಗಿದುಹೋಗುತ್ತದೆ. ಬರವಣಿಗೆಯ ಬೋಧನೆಯ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಅಮೆರಿಕದ ಶಿಕ್ಷಣತಜ್ಞ ಜಾರ್ಜ್ ಹಿಲಕ್ಸ್ 1986ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದಾಗ, ವ್ಯಾಕರಣವನ್ನು ಬಿಡಿಯಾಗಿ ಕಲಿಸುವುದರಿಂದ ಮಕ್ಕಳ ಬರವಣಿಗೆ ಉತ್ತಮವಾಗುವುದಿಲ್ಲವೆಂಬ ತೀರ್ಮಾನಕ್ಕೆ ಬಂದಿದ್ದರು. ತರಗತಿಯಲ್ಲಿ ಕೆಲವು ವರ್ಷ ಕಳೆದ ಯಾವ ಶಿಕ್ಷಕರಿಗೂ ಇದು ಅಚ್ಚರಿಯ ಮಾತಲ್ಲ. ಅಭ್ಯಾಸಪುಸ್ತಕದಲ್ಲಿ ಹತ್ತಕ್ಕೆ ಹತ್ತು ಪಡೆದ ವಿದ್ಯಾರ್ಥಿಯೇ ತನ್ನ ಪ್ರಬಂಧದಲ್ಲಿ ಅದೇ ತಪ್ಪನ್ನು ಮಾಡುವುದನ್ನು ನಾವೆಲ್ಲ ನೋಡಿದ್ದೇವೆ.

ಈ ಮೂರನ್ನೂ ಒಂದೇ ಕಡೆ ತರುವುದಕ್ಕೆ ಯುದ್ಧದ ಕಾದಂಬರಿ ಹೇಳಿ ಮಾಡಿಸಿದಂತಿದೆ. ಕೊಂದವರು ಯಾರು, ಸತ್ತವರು ಯಾರು, ಉಳಿದುಕೊಂಡು ಈ ಕಥೆ ಹೇಳುತ್ತಿರುವವರು ಯಾರು ಎಂಬುವು ಯುದ್ಧದ ಬಗ್ಗೆ ನಾವು ಕೇಳಲೇಬೇಕಾದ ಪ್ರಶ್ನೆಗಳು. ಇವೇ ವ್ಯಾಕರಣದ ಪ್ರಶ್ನೆಗಳೂ ಹೌದು. ಕರ್ತೃ, ಕರ್ಮ, ಪುರುಷ, ಕಾಲ ಎಂದು ನಾವು ಹಲಗೆಯ ಮೇಲೆ ಬರೆಯುವುದು ಈ ಪ್ರಶ್ನೆಗಳ ಉತ್ತರಗಳನ್ನೇ. ಆದ್ದರಿಂದ ಇಲ್ಲಿ ವಿವರಿಸುವ ಕ್ರಮಕ್ಕೆ ಒಂದೇ ನಿಯಮವಿದೆ: ವ್ಯಾಕರಣದ ಒಂದು ಅಂಶವು ಕಾದಂಬರಿಯ ಒಬ್ಬ ಮನುಷ್ಯನ ಬಗ್ಗೆ ನಮಗೆ ಏನನ್ನಾದರೂ ತಿಳಿಸುವ ಜಾಗದಲ್ಲಿ ಮಾತ್ರ ಅದನ್ನು ಕಲಿಸಬೇಕು, ಉಳಿದ ಕಡೆ ಸುಮ್ಮನೆ ಓದಿಕೊಂಡು ಹೋಗಬೇಕು.

ಉದಾಹರಣೆಗಾಗಿ ಎರಿಕ್ ಮರಿಯಾ ರೆಮಾರ್ಕ್ ಅವರ ಕಾದಂಬರಿಯನ್ನು ತೆಗೆದುಕೊಂಡಿದ್ದೇನೆ. ಜರ್ಮನ್ ಭಾಷೆಯಲ್ಲಿ ಅದು 1928ರ ನವೆಂಬರ್‌ನಿಂದ ಬರ್ಲಿನ್‌ನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, 1929ರ ಜನವರಿಯಲ್ಲಿ ಪುಸ್ತಕವಾಯಿತು. ಅದೇ ವರ್ಷ ಎ. ಡಬ್ಲ್ಯು. ವೀನ್ ಅವರ ಇಂಗ್ಲಿಷ್ ಅನುವಾದ 'ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಎಂಬ ಹೆಸರಿನಲ್ಲಿ ಹೊರಬಂದಿತು. ಪ್ರೌಢಶಾಲೆಗೆ ಇದು ಒಗ್ಗುವುದಕ್ಕೆ ಕಾರಣಗಳಿವೆ. ವಾಕ್ಯಗಳು ಚಿಕ್ಕವು, ಅಧ್ಯಾಯಗಳು ಹನ್ನೆರಡೇ, ಕಥೆ ಹೇಳುವ ಪಾಲ್ ಬಾಯ್ಮರ್ ಶಾಲೆಯ ಬೆಂಚಿನಿಂದ ನೇರವಾಗಿ ಸೈನ್ಯಕ್ಕೆ ಹೋದ ಹುಡುಗ. ಅವನ ತರಗತಿಯನ್ನು ಸೈನ್ಯಕ್ಕೆ ಹುರಿದುಂಬಿಸಿ ಕಳುಹಿಸಿದವನು ಕಾಂಟೊರೆಕ್ ಎಂಬ ಶಿಕ್ಷಕ. ಶಿಕ್ಷಕರಾದ ನಾವು ಈ ಪಾತ್ರವನ್ನು ಬೇಗ ದಾಟಿಹೋಗಬಾರದು. ಮಾತಿನಿಂದ ಏನು ಮಾಡಬಹುದು ಎಂಬುದಕ್ಕೆ ಇಡೀ ಕಾದಂಬರಿಯಲ್ಲಿ ಅವನಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ.

ಆರಂಭಿಸುವ ಮುನ್ನ

ನಲವತ್ತೈದು ನಿಮಿಷಗಳ ಮೂವತ್ತು ಅವಧಿಗಳು, ಅಂದರೆ ವಾರಕ್ಕೆ ಐದರಂತೆ ಆರು ವಾರಗಳು ಬೇಕಾಗುತ್ತವೆ. ವಾರಕ್ಕೆ ಎರಡು ಅಧ್ಯಾಯಗಳೆಂದು ಸಮನಾಗಿ ಹಂಚಿಬಿಡುವ ಆಸೆಯಾಗುತ್ತದೆ. ಆದರೆ ಈ ಅಧ್ಯಾಯಗಳು ಸಮವಾಗಿಲ್ಲ. ಆರನೆಯದು ಮತ್ತು ಏಳನೆಯದು ಬಹಳ ಉದ್ದ, ಹನ್ನೆರಡನೆಯದು ಎರಡು ಪುಟ ದಾಟುವುದಿಲ್ಲ. ಉದ್ದದ ಅಧ್ಯಾಯಗಳ ಅರ್ಧ ಭಾಗವನ್ನು ಮನೆಯ ಓದಿಗೆ ಬಿಟ್ಟು, ಕೊನೆಯ ಎರಡು ಪುಟಗಳಿಗೆ ಮೂರು ಅವಧಿಗಳನ್ನು ಕಾದಿರಿಸಿಕೊಳ್ಳಿ. ಏಕೆಂಬುದು ಮುಂದೆ ತಿಳಿಯುತ್ತದೆ.

ಇತಿಹಾಸದ ಹಿನ್ನೆಲೆಗೆ ಒಂದು ಅವಧಿ ಸಾಕು. ಕಾದಂಬರಿಯ ಹಿನ್ನೆಲೆಯಾದ ಮೊದಲ ಮಹಾಯುದ್ಧ 1914ರ ಜುಲೈ 28ರಂದು ಆರಂಭವಾಗಿ 1918ರ ನವೆಂಬರ್ 11ರಂದು ನಿಂತಿತು. ಪಶ್ಚಿಮ ರಣರಂಗವೆಂಬುದು ಬೆಲ್ಜಿಯಂ ಕರಾವಳಿಯಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಎದುರುಬದುರಾಗಿ ತೋಡಿದ ಕಂದಕಗಳ ಸಾಲು. 1898ರಲ್ಲಿ ಹುಟ್ಟಿದ ರೆಮಾರ್ಕ್ 1916ರಲ್ಲಿ ಸೈನ್ಯಕ್ಕೆ ಸೇರಿಸಲ್ಪಟ್ಟರು, 1917ರಲ್ಲಿ ಗಾಯಗೊಂಡರು. ನಾಜಿಗಳು 1933ರ ಮೇ ತಿಂಗಳಲ್ಲಿ ಅವರ ಪುಸ್ತಕವನ್ನು ಬೀದಿಯಲ್ಲಿ ಸುಟ್ಟರು. ಗೋಡೆಗೆ ಒಂದು ಭೂಪಟವನ್ನು ಅಂಟಿಸಿ ಇಷ್ಟನ್ನು ಹೇಳಿ, ಮರುದಿನವೇ ಮೊದಲ ಪುಟ ತೆರೆಯಿರಿ. ಯುದ್ಧದ ಕಾರಣಗಳನ್ನೆಲ್ಲ ಮೊದಲೇ ವಿವರಿಸಹೊರಟರೆ ಮಕ್ಕಳು ಪಾಲ್‌ಗಿಂತ ಹೆಚ್ಚು ತಿಳಿದುಕೊಂಡು ಕಾದಂಬರಿಯೊಳಗೆ ಹೋಗುತ್ತಾರೆ. ಅವನ ಗೊಂದಲ ಅವರಿಗೆ ದಕ್ಕುವುದಿಲ್ಲ.

ಇನ್ನೆರಡು ಸಿದ್ಧತೆಗಳು ಅಗತ್ಯ. ಏಳನೆಯ ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಲೈಂಗಿಕ ಸಂಬಂಧವನ್ನು ಸೂಚಿಸುವ ಪ್ರಸಂಗಗಳಿವೆ. ಅವುಗಳನ್ನು ಓದಿಸಬೇಕೇ, ಬಿಡಬೇಕೇ ಎಂಬುದನ್ನು ಮುಖ್ಯ ಶಿಕ್ಷಕರೊಡನೆ ಮೊದಲೇ ಮಾತನಾಡಿ ತೀರ್ಮಾನಿಸಿಕೊಳ್ಳಿ. ತರಗತಿಯಲ್ಲಿ ಸೈನಿಕರ ಮಕ್ಕಳಿರಬಹುದು, ಯುದ್ಧದಿಂದ ಊರು ಬಿಟ್ಟು ಬಂದ ಮನೆಯವರಿರಬಹುದು, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರಿರಬಹುದು. ಯಾವ ಅಧ್ಯಾಯದಲ್ಲಿ ಏನಿದೆ ಎಂಬುದನ್ನು ಪಾಲಕರಿಗೆ ಒಂದು ಪುಟದಲ್ಲಿ ತಿಳಿಸಿ, ಆ ದಿನ ಗ್ರಂಥಾಲಯದಲ್ಲಿ ಕುಳಿತು ಬೇರೆ ಭಾಗ ಓದುವ ಅವಕಾಶವನ್ನು ಯಾರೂ ಕಾರಣ ಹೇಳದೆ ಬಳಸಿಕೊಳ್ಳುವಂತೆ ಇಡಿ.

ಸಾವಿನ ಪುಟದಲ್ಲಿ ಅದೇ ದಿನ ವ್ಯಾಕರಣ ಬೇಡ

ಇದನ್ನು ನಾನು ನನ್ನ ತಪ್ಪಿನಿಂದ ಕಲಿತೆ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಪಾಲ್‌ನ ಸಹಪಾಠಿ ಕೆಮ್ಮೆರಿಖ್ ಆಸ್ಪತ್ರೆಯಲ್ಲಿ, ಕಾಲು ಕತ್ತರಿಸಿದ ಮೇಲೆ, ಸಾಯುತ್ತಾನೆ. ನಾನು ಈ ಕಾದಂಬರಿಯನ್ನು ಮೊದಲ ಸಲ ಕಲಿಸಿದ ವರ್ಷ, ಆ ಪುಟವನ್ನು ಗಟ್ಟಿಯಾಗಿ ಓದಿ ಮುಗಿಸಿದ ತಕ್ಷಣ, ಅದೇ ಪುಟದ ವಿಶೇಷಣಗಳಿಗೆ ಅಡಿಗೆರೆ ಎಳೆಯುವ ಹಾಳೆಯನ್ನು ಹಂಚಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಾಳೆಯನ್ನು ಮುಟ್ಟಲಿಲ್ಲ. ಹತ್ತಿರ ಹೋಗಿ ಕೇಳಿದರೆ, "ಮೇಡಂ, ಅವನು ಈಗಷ್ಟೇ ಸತ್ತನಲ್ಲ" ಎಂದಳು. ನನಗೆ ಉತ್ತರ ತೋಚಲಿಲ್ಲ. ಹಾಳೆಗಳನ್ನು ವಾಪಸು ತೆಗೆದುಕೊಂಡೆ.

ಅಂದಿನಿಂದ ಪಾಲಿಸುತ್ತಿರುವ ಕ್ರಮ ಹೀಗಿದೆ. ಸಾವು, ದಾಳಿ, ಬೀಳ್ಕೊಡುಗೆ ಇರುವ ಪುಟಗಳನ್ನು ಮೊದಲ ದಿನ ಓದುವುದಷ್ಟೇ. ಓದಿದ ಮೇಲೆ ಐದು ನಿಮಿಷ ಮೌನವಾಗಿ ಬರೆಯಲು ಕೊಡುತ್ತೇನೆ. ಏನು ಬರೆಯಬೇಕೆಂದು ಹೇಳುವುದಿಲ್ಲ, ಅದನ್ನು ತಿದ್ದುವುದೂ ಇಲ್ಲ. ಮರುದಿನ ಅದೇ ಪುಟಕ್ಕೆ ಹಿಂದಿರುಗಿ, 'ನಿನ್ನೆ ನಮ್ಮನ್ನು ತಟ್ಟಿದ ವಾಕ್ಯ ಯಾವುದು, ಅದು ಹೇಗೆ ಕಟ್ಟಲ್ಪಟ್ಟಿದೆ' ಎಂದು ಕೇಳುತ್ತೇನೆ. ಒಂದು ರಾತ್ರಿಯ ಅಂತರ ಬಹಳ ಕೆಲಸ ಮಾಡುತ್ತದೆ. ತಟ್ಟಿದ ವಾಕ್ಯವನ್ನು ಬಿಚ್ಚಿ ನೋಡುವ ಕುತೂಹಲ ಮಕ್ಕಳಿಗೆ ತಾವಾಗಿಯೇ ಇರುತ್ತದೆ.

ಮೊದಲ ಪುಟದ ಒಂದೇ ಪದ

ಪದವೂ ವ್ಯಾಕರಣವೂ ಕಥೆಯೂ ಒಂದೇ ಕಡೆ ಸೇರುವುದನ್ನು ಮಕ್ಕಳಿಗೆ ತೋರಿಸಲು ಬಹಳ ದೂರ ಹೋಗಬೇಕಿಲ್ಲ. ವೀನ್ ಅನುವಾದದ ಎರಡನೆಯ ವಾಕ್ಯದಲ್ಲೇ ಸೈನಿಕರು ತಾವು ನಿನ್ನೆ 'ರಿಲೀವ್ಡ್' ಆದೆವೆಂದು ಹೇಳುತ್ತಾರೆ: 'ವಿ ವರ್ ರಿಲೀವ್ಡ್'. ತರಗತಿಯ ಹೆಚ್ಚಿನವರು ಇದನ್ನು 'ನಮಗೆ ನೆಮ್ಮದಿಯಾಯಿತು' ಎಂದು ಓದುತ್ತಾರೆ. ಸೈನ್ಯದಲ್ಲಿ ಆ ಪದಕ್ಕೆ, ಒಂದು ತುಕಡಿಯ ಜಾಗಕ್ಕೆ ಇನ್ನೊಂದು ತುಕಡಿ ಬಂದು ಮೊದಲಿನವರನ್ನು ಹಿಂದಕ್ಕೆ ಬಿಡುವುದು ಎಂಬ ಅರ್ಥ. ಎರಡೂ ಅರ್ಥಗಳನ್ನು ಹಲಗೆಯ ಮೇಲೆ ಬರೆಯಿರಿ. ಯಾವುದು ಸರಿ ಎಂದು ಬೇಗ ಹೇಳಬೇಡಿ, ಮುಂದಿನ ಎರಡು ಪುಟ ಓದಲು ಬಿಡಿ. 150 ಜನರಿಗೆಂದು ಅಡುಗೆಯಾಗಿದೆ, ಹಿಂದಿರುಗಿದವರು 80 ಜನ, ಆದ್ದರಿಂದ ಅವತ್ತು ಎಲ್ಲರಿಗೂ ಎರಡು ಪಾಲು ಊಟ. ಆ ಲೆಕ್ಕವನ್ನು ಅರ್ಥಮಾಡಿಕೊಂಡ ವಿದ್ಯಾರ್ಥಿ ಮತ್ತೆ ಆ ಪದಕ್ಕೆ ಹೋದಾಗ, ಅದರಲ್ಲಿ ಸೈನ್ಯದ ಅರ್ಥವೂ ಇದೆ, ಹೊಟ್ಟೆ ತುಂಬಿದ ನೆಮ್ಮದಿಯೂ ಇದೆ, ಬಾರದೇ ಹೋದ ಎಪ್ಪತ್ತು ಜನರೂ ಇದ್ದಾರೆ ಎಂಬುದನ್ನು ಕಾಣುತ್ತಾನೆ.

ಈಗ ವ್ಯಾಕರಣ. ಈ ವಾಕ್ಯ ಕರ್ಮಣಿ ಪ್ರಯೋಗದಲ್ಲಿದೆ. ರಿಲೀವ್ ಮಾಡಿದವರು ಯಾರೆಂದು ಹೇಳಿಲ್ಲ. 'ಪ್ಯಾಸಿವ್ ವಾಯ್ಸ್ ಕೆಟ್ಟದ್ದು, ಬಳಸಬೇಡಿ' ಎಂದು ಬರವಣಿಗೆಯ ಕೈಪಿಡಿಗಳು ಹೇಳುವುದುಂಟು. ನಾನು ಆ ಸಲಹೆಯನ್ನು ಒಪ್ಪುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ಹಿಂದಿರುಗಬೇಕು, ಯಾವಾಗ ಮಲಗಬೇಕು ಎಂಬುದನ್ನು ತಾನು ತೀರ್ಮಾನಿಸದ ಸೈನಿಕನ ಬದುಕನ್ನು ಕರ್ಮಣಿ ಪ್ರಯೋಗವೇ ನಿಜವಾಗಿ ಹೇಳುತ್ತದೆ. ಮೊದಲ ಅಧ್ಯಾಯದಿಂದ ಸೈನಿಕರಿಗೆ ಬೇರೆಯವರು ಮಾಡುವ ಕ್ರಿಯೆಗಳ ಒಂದು ಪಟ್ಟಿ, ಸೈನಿಕರು ತಾವೇ ಮಾಡುವ ಕ್ರಿಯೆಗಳ ಇನ್ನೊಂದು ಪಟ್ಟಿ ಮಾಡಿಸಿ. ಎರಡನೆಯದರಲ್ಲಿ ತಿನ್ನುವುದು, ಸೇದುವುದು, ಮಲಗುವುದು, ಹರಟುವುದು ಇವೇ ಹೆಚ್ಚಾಗಿ ಬರುತ್ತವೆ.

ಇದರ ಇನ್ನೊಂದು ಮುಖವನ್ನು ಆರನೆಯ ಅಧ್ಯಾಯದ ದಾಳಿಯ ವರ್ಣನೆಯ ನಂತರ ತೋರಿಸಬಹುದು. ಒಂದೇ ಘಟನೆಯನ್ನು ಮೂರು ಬಗೆಯಲ್ಲಿ ಹಲಗೆಯ ಮೇಲೆ ಬರೆಯಿರಿ: 'ಸೋಲ್ಜರ್ಸ್ ಶೆಲ್ಡ್ ದ ವಿಲೇಜ್', 'ದ ವಿಲೇಜ್ ವಾಸ್ ಶೆಲ್ಡ್', 'ದೇರ್ ವಾಸ್ ಶೆಲ್ಲಿಂಗ್'. ಮೊದಲನೆಯದರಲ್ಲಿ ಮಾಡಿದವರೂ ಇದ್ದಾರೆ, ಅನುಭವಿಸಿದವರೂ ಇದ್ದಾರೆ. ಎರಡನೆಯದರಲ್ಲಿ ಮಾಡಿದವರು ಮರೆಯಾದರು. ಮೂರನೆಯದರಲ್ಲಿ ಕ್ರಿಯಾಪದ ನಾಮಪದವಾಗಿ, ಹಳ್ಳಿಯೂ ಕಾಣೆಯಾಗಿ, ಮಳೆ ಬಂದಂತೆ ಶೆಲ್ ದಾಳಿಯೂ ತಾನಾಗಿ ಬಂದಂತಾಯಿತು. ಕನ್ನಡದ ಸುದ್ದಿಗಳಲ್ಲಿಯೂ 'ದಾಳಿ ನಡೆದಿದೆ' ಎಂದು ಬರೆಯುವುದನ್ನು ನೆನಪಿಸಿದರೆ ಈ ಪಾಠ ಅರ್ಧ ಗಂಟೆಯಲ್ಲಿ ನಾಟುತ್ತದೆ. ಮರುದಿನ ಪ್ರತಿಯೊಬ್ಬರೂ ಯಾವುದಾದರೂ ಪತ್ರಿಕೆಯ ಯುದ್ಧದ ಸುದ್ದಿಯಿಂದ ಒಂದು ವಾಕ್ಯ ತಂದು, ಕಾಣೆಯಾದ ಕರ್ತೃವನ್ನು ಸೇರಿಸಿ ತಿರುಗಿ ಬರೆಯಬೇಕು. ಕರ್ತೃ ಯಾರೆಂದು ಸುದ್ದಿಯಿಂದ ತಿಳಿಯದಿದ್ದರೆ ಹಾಗೆಂದೇ ಬರೆಯಬೇಕು, ಊಹಿಸಬಾರದು.

ಪದಗಳನ್ನು ಆರಿಸುವುದು

ಪದಸಂಪತ್ತಿನ ಅಧ್ಯಯನದಲ್ಲಿ ಹೆಸರಾದ ಪಾಲ್ ನೇಷನ್ ಅವರ ಪ್ರಕಾರ, ಒಂದು ಕಾದಂಬರಿಯನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳಲು ಅದರ ನೂರು ಪದಗಳಲ್ಲಿ ಸುಮಾರು 98 ಪದಗಳು ತಿಳಿದಿರಬೇಕು. ಯುದ್ಧದ ಕಾದಂಬರಿಯಲ್ಲಿ ತಿಳಿಯದ ಪದಗಳು ಮೊದಲ ಅಧ್ಯಾಯದಲ್ಲೇ ಈ ಅಳತೆಯನ್ನು ಮೀರುತ್ತವೆ. ಆದರೆ ತಿಳಿಯದ ಪದಗಳನ್ನೆಲ್ಲ ಕಲಿಸಬೇಕಾಗಿಲ್ಲ. ಕಂದಕ, ಬಂದೂಕು, ಸೈನ್ಯದ ದರ್ಜೆಗಳಿಗೆ ಸಂಬಂಧಿಸಿದ ಪದಗಳಿಗೆ ಚಿತ್ರಸಹಿತ ಒಂದು ಹಾಳೆ ಮಾಡಿ ಪುಸ್ತಕದೊಳಗೆ ಇಟ್ಟುಕೊಳ್ಳಲು ಹೇಳಿ. ಅವುಗಳ ಮೇಲೆ ಪರೀಕ್ಷೆ ಬೇಡ. ವಾರಕ್ಕೆ ಎಂಟು ಪದಗಳನ್ನು ಮಾತ್ರ ಆಳವಾಗಿ ಕಲಿಸಿ. ಆ ಎಂಟು, ಕಾದಂಬರಿಯ ಹೊರಗೂ ಬದುಕುವ ಪದಗಳಾಗಿರಲಿ.

ಅವುಗಳಲ್ಲಿ ಅರ್ಧದಷ್ಟು, ಮಕ್ಕಳಿಗೆ ಈಗಾಗಲೇ ಗೊತ್ತಿದೆ ಎಂದು ಅನಿಸುವ ಪದಗಳೇ ಆಗಿರಬೇಕೆಂಬುದು ನನ್ನ ಅನುಭವ. 'ಶೆಲ್' ಎಂದರೆ ಮೊಟ್ಟೆಯ ಚಿಪ್ಪು ಎಂದು ತಿಳಿದವರು ಸಿಡಿಗುಂಡಿನ ಮಳೆಯಲ್ಲಿ ದಾರಿ ತಪ್ಪುತ್ತಾರೆ. 'ಲೀವ್' ಕ್ರಿಯಾಪದವೆಂದು ತಿಳಿದವರಿಗೆ, ಪಾಲ್ ರಜೆಯ ಮೇಲೆ ಮನೆಗೆ ಹೋಗುವ ಏಳನೆಯ ಅಧ್ಯಾಯದಲ್ಲಿ ಅದು ನಾಮಪದವಾಗಿ ಎದುರಾಗುತ್ತದೆ. 'ಕಂಪನಿ' ವ್ಯಾಪಾರದ ಸಂಸ್ಥೆಯಲ್ಲ, ಸೈನಿಕರ ತುಕಡಿ. 'ಬ್ಯಾರೇಜ್' ಅನ್ನು ನದಿಗೆ ಅಡ್ಡ ಕಟ್ಟುವ ಅಣೆಕಟ್ಟೆಯೆಂದು ಬಲ್ಲವರಿಗೆ, ಅದೇ ಪದ ಫಿರಂಗಿಗಳ ಎಡೆಬಿಡದ ದಾಳಿಗೂ ಸಲ್ಲುತ್ತದೆಂದು ತಿಳಿದಾಗ ಖುಷಿಯಾಗುತ್ತದೆ. ಎರಡರಲ್ಲೂ ಇರುವುದು ಅಡ್ಡಗಟ್ಟುವುದೆಂಬ ಫ್ರೆಂಚ್ ಮೂಲದ ಅರ್ಥ. 'ಶ್ರಾಪ್‌ನೆಲ್' ಎಂಬುದು ಹೆನ್ರಿ ಶ್ರಾಪ್‌ನೆಲ್ ಎಂಬ ಬ್ರಿಟಿಷ್ ಫಿರಂಗಿ ದಳದ ಅಧಿಕಾರಿಯ ಹೆಸರು. ಇಂಥ ವಿವರವನ್ನು ಒಂದು ನಿಮಿಷದಲ್ಲಿ ಹೇಳಿ ಮುಂದೆ ಸಾಗಿ.

ಒಂದು ಪದದ ಮೇಲೆ ಮಾತ್ರ ಪೂರ್ತಿ ಅವಧಿ ಕಳೆಯಿರಿ. ಅದು 'ಕ್ಯಾಶುಯಲ್ಟಿ'. ಮೂಲದಲ್ಲಿ ಆಕಸ್ಮಿಕವೆಂಬ ಅರ್ಥವಿದ್ದ ಈ ಪದ, ಯುದ್ಧದ ವರದಿಗಳಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರು ಎಲ್ಲರನ್ನೂ ಒಟ್ಟಿಗೆ ಎಣಿಸುತ್ತದೆ. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನ, ಬ್ರಿಟಿಷ್ ಸೈನ್ಯದ ಕ್ಯಾಶುಯಲ್ಟಿಗಳ ಸಂಖ್ಯೆ 57,470. ಅವರಲ್ಲಿ ಸತ್ತವರು 19,240. ಮೊದಲ ಸಂಖ್ಯೆಯನ್ನಷ್ಟೇ ಬರೆದು 'ಎಷ್ಟು ಜನ ಸತ್ತರು' ಎಂದು ಕೇಳಿ. ಉತ್ತರಗಳನ್ನು ಬರೆದುಕೊಂಡ ಮೇಲೆ ಎರಡನೆಯ ಸಂಖ್ಯೆಯನ್ನು ತೋರಿಸಿ. ಒಂದು ಪದದ ಅರ್ಥವನ್ನು ಸಡಿಲವಾಗಿ ತಿಳಿದುಕೊಂಡರೆ ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಮನುಷ್ಯರ ಲೆಕ್ಕ ತಪ್ಪುತ್ತದೆ. ಇದರ ಜೊತೆಗೇ 'ದ ವೂಂಡೆಡ್', 'ದ ಡೆಡ್', 'ದ ಮಿಸ್ಸಿಂಗ್' ಎಂಬ ಪ್ರಯೋಗಗಳನ್ನು ತನ್ನಿ. ವಿಶೇಷಣದ ಮುಂದೆ 'ದ' ಬಂದಾಗ ಅದು ಬಹುವಚನದ ನಾಮಪದದಂತೆ ವರ್ತಿಸುತ್ತದೆ, ಕ್ರಿಯಾಪದವೂ ಬಹುವಚನದಲ್ಲೇ ಇರಬೇಕು. 'ದ ವೂಂಡೆಡ್ ವಾಸ್' ಎಂದು ಬರೆಯುವ ತಪ್ಪು ಈ ಪಾಠದ ನಂತರ ಬಹಳ ಕಡಿಮೆಯಾಗುತ್ತದೆ.

ಪದಗಳ ಟಿಪ್ಪಣಿ ಪುಸ್ತಕದಲ್ಲಿ ನಿಘಂಟಿನ ಅರ್ಥವನ್ನು ಮೊದಲು ಬರೆಯಿಸಬೇಡಿ. ಕಾದಂಬರಿಯಲ್ಲಿ ಆ ಪದ ಬಂದ ಸಂದರ್ಭ ಮೊದಲು, ಅಲ್ಲಿ ಅದಕ್ಕಿರುವ ಅರ್ಥ ಆಮೇಲೆ, ಬೇರೆ ಅರ್ಥಗಳಿದ್ದರೆ ಅವು, ಕೊನೆಗೆ ಯುದ್ಧಕ್ಕೆ ಸಂಬಂಧವೇ ಇಲ್ಲದ ತಮ್ಮದೇ ಬದುಕಿನ ಒಂದು ವಾಕ್ಯ. ಈ ಕೊನೆಯ ವಾಕ್ಯವಿಲ್ಲದಿದ್ದರೆ ಪದ ಕಂದಕದಲ್ಲೇ ಉಳಿದುಬಿಡುತ್ತದೆ.

ಬೂಟು ಮತ್ತು 'ಹೂಸ್'

ಕೆಮ್ಮೆರಿಖ್‌ನ ಬಳಿ ಹಳದಿ ಬಣ್ಣದ ಮೆತ್ತನೆಯ ಚರ್ಮದ ಇಂಗ್ಲಿಷ್ ಬೂಟುಗಳಿವೆ. ಅವನು ಸತ್ತ ಮೇಲೆ ಅವು ಇನ್ನೊಬ್ಬ ಸಹಪಾಠಿ ಮ್ಯೂಲರ್‌ಗೆ ಹೋಗುತ್ತವೆ, ಮ್ಯೂಲರ್ ಸತ್ತ ಮೇಲೆ ಪಾಲ್‌ಗೆ. ಪಾಲ್ ಅವುಗಳನ್ನು ತನ್ನ ನಂತರ ಜೊತೆಯ ಸೈನಿಕ ತ್ಯಾಡೆನ್‌ಗೆ ಕೊಡುವುದಾಗಿ ಮಾತು ಕೊಟ್ಟಿದ್ದಾನೆ. ಒಡೆತನ ಹೀಗೆ ಕೈಯಿಂದ ಕೈಗೆ ದಾಟುವ ಕಥೆಯೇ ಸಂಬಂಧಸೂಚಕ ಸರ್ವನಾಮಗಳನ್ನು, ಅದರಲ್ಲೂ 'ಹೂಸ್' (whose) ಎಂಬುದನ್ನು, ಕಲಿಸಲು ತಕ್ಕ ಜಾಗ. ಮೊದಲು ಐದಾರು ಚಿಕ್ಕ ವಾಕ್ಯಗಳನ್ನು ಕೊಡಿ: ಕೆಮ್ಮೆರಿಖ್‌ನ ಬಳಿ ಬೂಟುಗಳಿದ್ದವು. ಬೂಟುಗಳು ಮೆತ್ತಗಿದ್ದವು. ಅವನ ಕಾಲನ್ನು ಕತ್ತರಿಸಿದರು. ಮ್ಯೂಲರ್ ಬೂಟುಗಳನ್ನು ಕೇಳಿದ. ಇವೆಲ್ಲವನ್ನೂ ಸೇರಿಸಿ ಇಂಗ್ಲಿಷ್‌ನಲ್ಲಿ ಒಂದೇ ವಾಕ್ಯ ಬರೆಯಬೇಕು. ಆಮೇಲೆ ಇನ್ನೊಂದು ವಾಕ್ಯ ಬರೆಯಬೇಕು, ಆದರೆ ಈ ಸಲ ಮುಖ್ಯ ವಾಕ್ಯದ ಕರ್ತೃ ಬೂಟು ಆಗಿರಬೇಕು.

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮುಖ್ಯ ವಾಕ್ಯ, ಉಪವಾಕ್ಯ ಎಂಬ ಭೇದ ಅರ್ಥವಾಗುತ್ತದೆ. ಬೂಟು ಮುಖ್ಯ ವಾಕ್ಯವಾಗಿ ಹುಡುಗನ ಸಾವು ಎರಡು ಅಲ್ಪವಿರಾಮಗಳ ನಡುವಿನ ಉಪವಾಕ್ಯವಾದಾಗ, ತರಗತಿಯಲ್ಲಿ ಯಾರಾದರೊಬ್ಬರು 'ಇದು ಸರಿಯಲ್ಲ' ಎನ್ನುತ್ತಾರೆ. ಏಕೆ ಸರಿಯಲ್ಲ ಎಂದು ಕೇಳಿ. ಮ್ಯೂಲರ್ ಕ್ರೂರಿಯೇ ಎಂಬ ಚರ್ಚೆ ಅಲ್ಲಿಂದಲೇ ಹುಟ್ಟುತ್ತದೆ. ಅವನು ಕ್ರೂರಿಯಲ್ಲವೆಂದು ಪಾಲ್ ಸ್ವತಃ ವಾದಿಸುತ್ತಾನೆ, ಸತ್ತವನಿಗೆ ಬೂಟು ಬೇಡ, ಬದುಕಿರುವವನಿಗೆ ಬೇಕು. ಆ ವಾದವನ್ನು ಪಠ್ಯದಿಂದ ಹುಡುಕಿ ತರಲು ಹೇಳಿ.

'ಇಫ್' ಎಂಬ ಪದದ ದೂರ

ಐದನೆಯ ಅಧ್ಯಾಯದಲ್ಲಿ ಮ್ಯೂಲರ್ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಬಿಡದೆ ಕೇಳುತ್ತಾನೆ: ಈಗ ಇದ್ದಕ್ಕಿದ್ದಂತೆ ಶಾಂತಿ ಬಂದರೆ ನೀನು ಏನು ಮಾಡುತ್ತೀಯೆ? ಕಂಡಿಷನಲ್ ವಾಕ್ಯಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪುಟಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಂಗ್ಲಿಷ್‌ನಲ್ಲಿ 'ಇಫ್ ದ ವಾರ್ ಎಂಡ್ಸ್, ಐ ವಿಲ್ ಗೋ ಹೋಮ್' ಎನ್ನುವವನು ಯುದ್ಧ ಮುಗಿಯಬಹುದೆಂದು ನಂಬಿದ್ದಾನೆ. 'ಇಫ್ ದ ವಾರ್ ಎಂಡೆಡ್, ಐ ವುಡ್ ಗೋ ಹೋಮ್' ಎನ್ನುವವನು ಅದನ್ನು ದೂರದ ಕನಸಾಗಿ ಕಾಣುತ್ತಿದ್ದಾನೆ. ಭೂತಕಾಲದ ರೂಪ ಇಲ್ಲಿ ಹಿಂದಿನ ಸಮಯವನ್ನು ಹೇಳುತ್ತಿಲ್ಲ, ವಾಸ್ತವದಿಂದ ಇರುವ ದೂರವನ್ನು ಹೇಳುತ್ತಿದೆ. ಕನ್ನಡದಲ್ಲಿ 'ಮುಗಿದರೆ ಹೋಗುತ್ತೇನೆ' ಎಂಬುದು ಎರಡಕ್ಕೂ ಸಲ್ಲುವುದರಿಂದ ನಮ್ಮ ಮಕ್ಕಳಿಗೆ ಈ ಭೇದ ಸಹಜವಾಗಿ ಬರುವುದಿಲ್ಲ. ಅದನ್ನು ಸೂತ್ರವಾಗಿ ಅಲ್ಲ, ನಂಬಿಕೆಯ ಅಳತೆಯಾಗಿ ಕಲಿಸಿದರೆ ನೆನಪಿನಲ್ಲಿ ಉಳಿಯುತ್ತದೆ.

ಒಬ್ಬೊಬ್ಬ ಸೈನಿಕನ ಉತ್ತರವನ್ನು ಒಂದೊಂದು ಗುಂಪಿಗೆ ಹಂಚಿ, ಅದನ್ನು ಎರಡೂ ಬಗೆಯಲ್ಲಿ ಬರೆಯಿಸಿ, ಆ ಮನುಷ್ಯನ ಬಾಯಲ್ಲಿ ಯಾವುದು ಒಪ್ಪುತ್ತದೆಂದು ಸಮರ್ಥಿಸಲು ಹೇಳಿ. ರೈತನಾದ ಡೆಟೆರಿಂಗ್‌ನ ಉತ್ತರವನ್ನು ಗೋಡೆಗೆ ಅಂಟಿಸಿ ಹಾಗೇ ಬಿಡಿ. ತಾನು ನೇರವಾಗಿ ಕೊಯ್ಲಿಗೆ ಹೋಗುವುದಾಗಿ ಅವನು ಹೇಳುತ್ತಾನೆ. ಹನ್ನೊಂದನೆಯ ಅಧ್ಯಾಯದಲ್ಲಿ ಹೂಬಿಟ್ಟ ಚೆರ್ರಿ ಮರವನ್ನು ಕಂಡ ಅವನು ಯಾರಿಗೂ ಹೇಳದೆ ಮನೆಯ ದಾರಿ ಹಿಡಿದು ಸಿಕ್ಕಿಬೀಳುತ್ತಾನೆ. ಆ ದಿನ ಮಕ್ಕಳು ತಾವಾಗಿಯೇ ಗೋಡೆಯ ಕಡೆ ತಿರುಗಿ ನೋಡುತ್ತಾರೆ. 'ವುಡ್' ಎಂದಿದ್ದ ಮನುಷ್ಯ ತಾಳಲಾರದೆ ಅದನ್ನು ಮಾಡಿಯೇಬಿಟ್ಟ. 'ಡೆಸರ್ಟ್', 'ಡೆಸರ್ಟರ್', 'ಡೆಸರ್ಷನ್' ಎಂಬ ಪದಕುಟುಂಬವನ್ನು ಪಟ್ಟಿಗೆ ಸೇರಿಸಲು ಅದೇ ದಿನ ಸೂಕ್ತ. ಡೆಟೆರಿಂಗ್‌ಗೆ ಆ ಪದ ಸಲ್ಲುತ್ತದೆಯೇ ಎಂಬುದನ್ನು ಅವರೇ ವಾದಿಸಲಿ.

ಶತ್ರುವಿಗೆ ಯಾವ ಸರ್ವನಾಮ

ಒಂಬತ್ತನೆಯ ಅಧ್ಯಾಯದಲ್ಲಿ, ಶೆಲ್ ಬಿದ್ದು ಆದ ಗುಂಡಿಯಲ್ಲಿ ಅಡಗಿರುವ ಪಾಲ್ ತನ್ನ ಮೇಲೆ ಬಿದ್ದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಆ ಮನುಷ್ಯ ತಕ್ಷಣ ಸಾಯುವುದಿಲ್ಲ. ಪಾಲ್ ಅವನ ಪಕ್ಕದಲ್ಲೇ ಗಂಟೆಗಟ್ಟಲೆ ಇರಬೇಕಾಗುತ್ತದೆ. ಮೊದಲ ದಿನ ಓದಿ ಸುಮ್ಮನಾಗಿ. ಎರಡನೆಯ ದಿನ ಮೂರು ಬಣ್ಣದ ಪೆನ್ಸಿಲ್‌ಗಳನ್ನು ಹಂಚಿ, ಆ ಫ್ರೆಂಚ್ ಸೈನಿಕನನ್ನು ಸೂಚಿಸುವ ಪ್ರತಿಯೊಂದು ಪದವನ್ನೂ ಗುರುತಿಸಲು ಹೇಳಿ. 'ಅವರು' ಎಂಬ ಶತ್ರುಗುಂಪು ಒಬ್ಬ 'ಅವನು' ಆಗುವುದು, 'ಅವನು' ಸತ್ತ ಮೇಲೆ ಪಾಲ್ ನೇರವಾಗಿ ಮಾತನಾಡಿಸುವ 'ನೀನು' ಆಗುವುದು, ಕೊನೆಗೆ ಜೇಬಿನಲ್ಲಿದ್ದ ಪುಸ್ತಕದಿಂದ ಅವನಿಗೆ ಜೆರಾರ್ ಡ್ಯುವಾಲ್ ಎಂಬ ಹೆಸರೂ ಅಚ್ಚಿನ ಮೊಳೆ ಜೋಡಿಸುವ ವೃತ್ತಿಯೂ ಬರುವುದು, ಬಣ್ಣಗಳಲ್ಲಿ ಎದ್ದು ಕಾಣುತ್ತದೆ. ಸರ್ವನಾಮದ ಪಾಠವನ್ನು ಪ್ರೌಢಶಾಲೆಯಲ್ಲಿ ಮತ್ತೆ ಮಾಡಬೇಕೇ ಎಂದು ಕೇಳುವವರಿಗೆ ಈ ಪುಟಗಳನ್ನು ತೋರಿಸಬೇಕು. ಈ ಅಧ್ಯಾಯದಲ್ಲಿ ಪಾಲ್ ಸತ್ತವನಿಗೆ ಕೊಡುವ ಮಾತುಗಳಲ್ಲಿ 'ವಿಲ್' ಎಷ್ಟು ಬಲವಾಗಿ ಬರುತ್ತದೆ, ಗಂಟೆಗಳು ಕಳೆದಂತೆ ಆ ಮಾತುಗಳು ಹೇಗೆ ಸಡಿಲವಾಗುತ್ತವೆ ಎಂಬುದನ್ನೂ ಗಮನಿಸಲು ಹೇಳಿ.

ಬರೆಯಿಸುವುದು, ತಿದ್ದುವುದು

ಆರು ವಾರಗಳಲ್ಲಿ ಎರಡೇ ದೊಡ್ಡ ಬರವಣಿಗೆಗಳು ಸಾಕು. ಏಳನೆಯ ಅಧ್ಯಾಯದಲ್ಲಿ ಪಾಲ್, ಕೆಮ್ಮೆರಿಖ್‌ನ ತಾಯಿಗೆ ಅವಳ ಮಗ ನೋವಿಲ್ಲದೆ ತಕ್ಷಣ ಸತ್ತನೆಂದು ಸುಳ್ಳು ಹೇಳುತ್ತಾನೆ. ಆ ಸಾವನ್ನು ಸೈನ್ಯದ ಅಧಿಕಾರಿಯೊಬ್ಬರು ತಿಳಿಸುವ ಪತ್ರವಾಗಿ ಒಮ್ಮೆ, ನಿಜವನ್ನು ಹೇಳಲು ಪಾಲ್ ಧೈರ್ಯ ಮಾಡಿದ್ದರೆ ಬರೆಯಬಹುದಾಗಿದ್ದ ಪತ್ರವಾಗಿ ಇನ್ನೊಮ್ಮೆ ಬರೆಯಬೇಕು. ಮೊದಲನೆಯದರಲ್ಲಿ ಕನಿಷ್ಠ ನಾಲ್ಕು ಕರ್ಮಣಿ ಪ್ರಯೋಗಗಳಿರಲಿ, ಎರಡನೆಯದರಲ್ಲಿ ಪ್ರತಿ ಕ್ರಿಯೆಗೂ ಕರ್ತೃವಿರಲಿ. ಇನ್ನೊಂದು ಬರವಣಿಗೆ, ಡ್ಯುವಾಲ್‌ನ ಹೆಂಡತಿಗೆ ಬರೆದ ಪತ್ರ. ಅದರಲ್ಲಿ ಮೂರನೆಯ ಬಗೆಯ ಕಂಡಿಷನಲ್, ಅಂದರೆ 'ಹೀಗಾಗಿದ್ದರೆ ಹಾಗಾಗುತ್ತಿರಲಿಲ್ಲ' ಎಂಬ ರೂಪ, ತಾನಾಗಿ ಬೇಕಾಗುತ್ತದೆ.

ತಿದ್ದುವಾಗ ಆ ಬರವಣಿಗೆಗೆ ಗೊತ್ತುಪಡಿಸಿದ ಒಂದು ವ್ಯಾಕರಣಾಂಶವನ್ನು ಮಾತ್ರ ತಿದ್ದಿ. ಉಳಿದ ತಪ್ಪುಗಳು ಕಣ್ಣಿಗೆ ಬೀಳುತ್ತವೆ, ಕೈ ತಡೆಯಬೇಕು. ಒಬ್ಬ ವಿದ್ಯಾರ್ಥಿ ತಾಯಿಯೊಬ್ಬಳಿಗೆ ಮಗನ ಸಾವನ್ನು ತಿಳಿಸಲು ಪದ ಹುಡುಕುತ್ತಾ ಬರೆದ ಪುಟ ಕೆಂಪು ಶಾಯಿಯಲ್ಲಿ ಮುಳುಗಿ ಹಿಂದಿರುಗಿದರೆ, ಮುಂದಿನ ಪತ್ರದಲ್ಲಿ ಅವನು ತಪ್ಪಾಗದಷ್ಟು ಮಾತ್ರ ಬರೆಯುತ್ತಾನೆ. ಅಂಕಗಳಲ್ಲಿ ಅರ್ಧ ಪಠ್ಯದ ತಿಳುವಳಿಕೆಗೆ, ಕಾಲು ಭಾಗ ಆ ವ್ಯಾಕರಣಾಂಶಕ್ಕೆ, ಕಾಲು ಭಾಗ ವಾರದ ಪದಗಳನ್ನು ಸರಿಯಾದ ಅರ್ಥದಲ್ಲಿ ಬಳಸಿದ್ದಕ್ಕೆ ಇರಲಿ.

ಕೊನೆಯ ಎರಡು ಪುಟಗಳು

ಈ ಕಾದಂಬರಿಯ ಹೆಚ್ಚಿನ ಭಾಗ ವರ್ತಮಾನಕಾಲದಲ್ಲಿದೆ. ನೆನಪುಗಳು ಬಂದಾಗ ಮಾತ್ರ ಭೂತಕಾಲ. ಇದನ್ನು ಮೊದಲ ವಾರದಲ್ಲೇ ಗುರುತಿಸಿ, ಒಂದು ಪ್ಯಾರಾವನ್ನು ಭೂತಕಾಲಕ್ಕೆ ಬದಲಿಸಿ ನೋಡಲು ಹೇಳಿರಬೇಕು. 'ನಾನು ಓಡಿದೆ' ಎನ್ನುವವನು ಓಡಿ ಬದುಕಿ ಉಳಿದು ಈಗ ಹೇಳುತ್ತಿದ್ದಾನೆ. 'ನಾನು ಓಡುತ್ತಿದ್ದೇನೆ' ಎನ್ನುವವನು ಮುಂದಿನ ಸಾಲಿನವರೆಗೆ ಇರುತ್ತಾನೆಂಬ ಭರವಸೆಯಿಲ್ಲ. ಈ ಮಾತು ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ಆರು ವಾರ ಸುಮ್ಮನೆ ಕಾಯುತ್ತಿರಲಿ.

ಹನ್ನೆರಡನೆಯ ಅಧ್ಯಾಯವನ್ನು ಒಂದು ಅವಧಿಯಲ್ಲಿ ಓದಿ, ಏನೂ ಹೇಳದೆ ಕಳುಹಿಸಿ. ಎರಡನೆಯ ಅವಧಿಯಲ್ಲಿ, ಪುಟದಲ್ಲಿ ಖಾಲಿ ಜಾಗ ಬಿಟ್ಟು ಬರುವ ಕೊನೆಯ ಕೆಲವು ಸಾಲುಗಳನ್ನು ಮಾತ್ರ ಎದುರಿಗಿಟ್ಟುಕೊಳ್ಳಿ. 'ನಾನು' ಇಲ್ಲ, 'ಅವನು' ಇದ್ದಾನೆ. ವರ್ತಮಾನ ಹೋಗಿ ಭೂತಕಾಲ ಬಂದಿದೆ. ವೀನ್ ಅವರು ಮೊದಲು 'ಹಿ ಫೆಲ್' ಎಂದು ಬರೆದು, ಮುಂದಿನ ವಾಕ್ಯದಲ್ಲಿ 'ಹಿ ಹ್ಯಾಡ್ ಫಾಲನ್ ಫಾರ್ವರ್ಡ್' ಎನ್ನುತ್ತಾರೆ. ಒಂದೇ ಕ್ರಿಯಾಪದ. ಮೊದಲ ಸಲ ಅದು 1918ರ ಅಕ್ಟೋಬರ್‌ನಲ್ಲಿ ಯುದ್ಧದಲ್ಲಿ ಮಡಿದದ್ದನ್ನು ಹೇಳುವ ಗೌರವದ ಮಾತು, ಎರಡನೆಯ ಸಲ ಒಂದು ದೇಹ ಮುಂದಕ್ಕೆ ಬಿದ್ದಿರುವ ನೋಟ. ಪಾಸ್ಟ್ ಪರ್ಫೆಕ್ಟ್ ಎಂದರೆ ಒಂದು ಭೂತಕ್ಕಿಂತ ಹಿಂದಿನ ಇನ್ನೊಂದು ಭೂತ ಎಂದು ಎಷ್ಟು ಸಲ ಹೇಳಿದರೂ ಹತ್ತದ ಪಾಠ ಇಲ್ಲಿ ಹತ್ತುತ್ತದೆ, ನೋಡುವವರು ಬರುವ ಹೊತ್ತಿಗೆ ಅವನು ಆಗಲೇ ಬಿದ್ದಿದ್ದ. ಹಾಗಾದರೆ ನೋಡಿದವರು ಯಾರು? ವೀನ್ 'ಒನ್ ಸಾ' ಎಂದು ಬರೆಯುತ್ತಾರೆ. ಆ 'ಒನ್' ಯಾರೆಂದು ಪ್ರತಿಯೊಬ್ಬರೂ ಒಂದು ಪ್ಯಾರಾ ಬರೆಯಲಿ. ತ್ಯಾಡೆನ್ ಇರಬಹುದೆಂದೂ ಅವನು ಬೂಟಿಗಾಗಿ ಬಂದಿರಬಹುದೆಂದೂ ಒಬ್ಬ ವಿದ್ಯಾರ್ಥಿ ಬರೆದದ್ದನ್ನು ಓದಿ ನಾನು ಬಹಳ ಹೊತ್ತು ಕುಳಿತಿದ್ದೆ.

ಮೂರನೆಯ ಅವಧಿ ಶೀರ್ಷಿಕೆಗೆ. ಪಾಲ್ ಸತ್ತ ದಿನದ ಸೈನ್ಯದ ವರದಿಯೇ ಪುಸ್ತಕದ ಹೆಸರು. ಜರ್ಮನ್ ಶೀರ್ಷಿಕೆಯನ್ನು ಪದಶಃ ಹೇಳಿದರೆ 'ಪಶ್ಚಿಮದಲ್ಲಿ ಹೊಸದೇನೂ ಇಲ್ಲ' ಎಂದಾಗುತ್ತದೆ, ವೀನ್ ಅದನ್ನು 'ಎಲ್ಲವೂ ಶಾಂತ' ಎಂದು ಮಾಡಿದರು. ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆಂದು ಚರ್ಚಿಸಿ. ಆಮೇಲೆ ಇಂಗ್ಲಿಷ್ ಶೀರ್ಷಿಕೆಯನ್ನು ಹಲಗೆಯ ಮೇಲೆ ಬರೆದು, ಇದರ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ ಎನ್ನಿ. ಹುಡುಕಿದರೂ ಸಿಗುವುದಿಲ್ಲ. ಮನುಷ್ಯನಾದ ಕರ್ತೃವನ್ನು ಗುರುತಿಸಿ ಎನ್ನಿ. ಅದೂ ಇಲ್ಲ. ಕೊನೆಯ ಕೆಲಸವಾಗಿ, ಆ ದಿನದ ವರದಿಯನ್ನು ಕರ್ತೃ, ಕ್ರಿಯಾಪದ, ಹೆಸರು ಎಲ್ಲವೂ ಇರುವ ಒಂದು ಪೂರ್ಣ ವಾಕ್ಯವಾಗಿ ಪ್ರತಿಯೊಬ್ಬರೂ ತಿರುಗಿ ಬರೆದು, ಹಾಳೆಯನ್ನು ಮೇಜಿನ ಮೇಲಿಟ್ಟು ಹೋಗಲಿ.